ಬಳಿ ಇಲ್ಲದವಳ ಹೊಸ್ತು

ನನ್ನ ತಮ್ಮ ಜಿತೇಂದ್ರ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವ ಮನಸ್ಸು ನನಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬೈಂದೂರಿನಲ್ಲಿ ಅವನ ಹೋಟೆಲಿದೆ, ಹದಿನೆಂಟು ಜನ ಕೆಲಸಕ್ಕಿದ್ದಾರೆ, ಒಬ್ಬರಿಗೂ ಅವನು ಹೊಟ್ಟೆಗೆ ಕಡಿಮೆ ಮಾಡಿದವನಲ್ಲ. ಅಂಥವನು ಹೊಸ್ತಿಗೆ, ಹೊಸ ಅಕ್ಕಿ ಉಣ್ಣುವ ಹಬ್ಬಕ್ಕೆ, ಐದು ದಿನ ಇರುವಾಗ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು, ಒಳಗೂ ಬರದೆ, ಚಪ್ಪಲಿಯನ್ನೂ ಬಿಡದೆ ಹೇಳಿದ:

"ಅಕ್ಕ, ಗುರುವಾರ ಒಂದ್ ದಿನ ಆ ಹೆಣ್ಣಿನ್ ಆಶ್ರಮಕ್ಕ್ ಬಿಟ್ ಬಾ. ಶುಕ್ರವಾರ ಕರ್ಕಂಡ್ ಬಪ್ಪುಕಾತ್ತಲೆ."

ನಾನು ಮೆಟ್ಟುಕತ್ತಿಯ ಮುಂದೆ ಕೂತು ಬಂಗುಡೆ ಕೊಯ್ಯುತ್ತಿದ್ದೆ. ತಲೆ ಎತ್ತಲಿಲ್ಲ.

"ಅವ್ಳಿಗೊಂದ್ ಹೆಸ್ರಿತ್ತ್," ಅಂದೆ.

ಹೆಸರು ರುವಾತಿ. ವರ್ಷ ಹದಿಮೂರು. ಬರ್ಮಾ ಗಡಿಯ ಗುಡ್ಡದ ಊರಿನವಳು. ಅವಳ ಊರಿಗೆ ಸೈನ್ಯ ಬೆಂಕಿ ಹಾಕಿದ ದಿನ ತಾಯಿ ಒಂದು ದಿಕ್ಕಿಗೆ, ಮಗಳು ಇನ್ನೊಂದು ದಿಕ್ಕಿಗೆ ಓಡಿದರು. ಮಗಳು ಚಿಕ್ಕಮ್ಮನ ಕೈ ಹಿಡಿದು ಹೊಳೆ ದಾಟಿ ಮಿಜೋರಾಮಿಗೆ ಬಂದಳು, ತಾಯಿ ಬರಲಿಲ್ಲ. ಶಿಬಿರದಲ್ಲಿ ಚಿಕ್ಕಮ್ಮ ಜ್ವರ ಬಂದು ತೀರಿಕೊಂಡಳು. ಆಮೇಲೆ ಒಬ್ಬ, ದಕ್ಷಿಣದಲ್ಲಿ ಶಾಲೆಗೆ ಸೇರಿಸುತ್ತೇನೆಂದು ನಾಲ್ಕು ಹುಡುಗಿಯರನ್ನು ರೈಲು ಹತ್ತಿಸಿದ. ಬೈಂದೂರು ಸ್ಟೇಷನ್ನಿನಲ್ಲಿ ಪೊಲೀಸರು ನಾಲ್ಕು ಪ್ರಶ್ನೆ ಕೇಳುವಷ್ಟರಲ್ಲಿ ಆ ಮನುಷ್ಯ ಆಚೆ ಬಾಗಿಲಿನಿಂದ ಇಳಿದು ಮಾಯವಾಗಿದ್ದ. ಉಳಿದ ಮೂವರಿಗೆ ಹೇಳಿಕೊಳ್ಳಲು ಒಬ್ಬೊಬ್ಬರಾದರೂ ಇದ್ದರು, ಅವರು ವಾಪಸು ಹೋದರು. ಇವಳಿಗೆ ಯಾರೂ ಇರಲಿಲ್ಲ. ಕುಂದಾಪುರದ ಹೆಣ್ಣುಮಕ್ಕಳ ಆಶ್ರಮದಲ್ಲಿ ಎಂಟು ತಿಂಗಳು ಇದ್ದು, ಇಪ್ಪತ್ತೆರಡು ಹುಡುಗಿಯರ ನಡುವೆ ಕುಂದಾಪ್ರ ಕನ್ನಡ ಕಲಿತಳು, ಬೈಗುಳದ ಸಮೇತ.

ನಾನು ಮುಂಬೈಯಲ್ಲಿ ಗಂಡನ ಜೊತೆ ಮೂವತ್ತು ವರ್ಷ ಊಟದ ಹೋಟೆಲ್ ನಡೆಸಿದವಳು. ಗಂಡ ಹೋದ ಮೇಲೆ ಮರವಂತೆಗೆ, ಹೊಳೆ ಬದಿಯ ಈ ತಾಯಿಮನೆಗೆ ಬಂದೆ, ತಮ್ಮನ ಸಂಸಾರವೂ ಇಲ್ಲೇ. ಮಕ್ಕಳಿಲ್ಲ. ಯುಗಾದಿಗೆ ಆಶ್ರಮಕ್ಕೆ ಪಾಯಸ ಮಾಡಿಕೊಡಲು ಹೋದವಳು ಈ ಹುಡುಗಿ ಪಾಯಸಕ್ಕೆ ಉಪ್ಪು ಕೇಳಿದ್ದನ್ನು ನೋಡಿ ನಕ್ಕೆ. ಅವಳು ನಗಲಿಲ್ಲ, ಉಪ್ಪು ಹಾಕಿಸಿಕೊಂಡೇ ಬಿಟ್ಟಳು. ಅವತ್ತೇ ನನಗೆ ಅವಳು ಇಷ್ಟವಾದಳು. ಮಕ್ಕಳ ರಕ್ಷಣಾ ಘಟಕದ ವಿನಯಾ ಎಂಬ ಹುಡುಗಿ, ಬ್ರಹ್ಮಾವರದವಳು, ನನಗೆ ದಾರಿ ತೋರಿಸಿದಳು: ದತ್ತು ಅಲ್ಲ, ಪೋಷಕ ಮನೆ. ಮಕ್ಕಳ ಕಲ್ಯಾಣ ಸಮಿತಿಯವರು ಒಂದು ವರ್ಷಕ್ಕೆ ಆದೇಶ ಕೊಡುತ್ತಾರೆ, ವರ್ಷ ಕಳೆದ ಮೇಲೆ ಮನೆ ನೋಡಿ, ಮನೆಯ ದೊಡ್ಡವರೆಲ್ಲರ ಒಪ್ಪಿಗೆಯ ಸಹಿ ತೆಗೆದುಕೊಂಡು ಮುಂದುವರಿಸುತ್ತಾರೆ. ರುವಾತಿ ನನ್ನನ್ನು ಸುಗುಣಮ್ಮ ಅನ್ನುತ್ತಾಳೆ. ಅಮ್ಮ ಅನ್ನಬೇಡ ಅಂತ ನಾನೇ ಹೇಳಿದ್ದೆ. ಅವಳ ಅಮ್ಮ ಸತ್ತಳೆಂದು ಯಾರೂ ಬರೆದುಕೊಟ್ಟಿಲ್ಲ.

ಆ ಒಂದು ವರ್ಷ ಹಬ್ಬ ಕಳೆದು ಬರುವ ಶನಿವಾರಕ್ಕೆ ಮುಗಿಯುವುದರಲ್ಲಿತ್ತು. ವಿನಯಾ ಗುರುವಾರ ಮಧ್ಯಾಹ್ನ ಮೂರಕ್ಕೆ ಬರುವವಳಿದ್ದಳು. ಅದು ಜಿತೇಂದ್ರನಿಗೂ ಗೊತ್ತಿತ್ತು.

"ಹೆಣ್ಣ್ ಆಶ್ರಮದಗಿರ್ಲಿ. ವಿನಯಾ ಬಂದಾಗ ನಾ ಸೈನ್ ಹಾಕ್ತೆ. ಹೊಸ್ತಿಗೆ ಅವ್ಳ್ ಸಾಲಂಗೆ ಕೂಕಂಡ್ರೆ ಮಾತ್ರ ಹಾಕ್ತಿಲ್ಲೆ," ಅಂದ. "ಅದ್ ಬಳಿಯರ್ ಉಂಬು ಊಟ. ಅವ್ಳದ್ ಯಾವ ಬಳಿ?"

ಬಳಿ ಎಂದರೇನೆಂದು ಹೇಳಬೇಕು. ನಮ್ಮಲ್ಲಿ ಮಗು ತಂದೆಯ ಕಡೆಗೆ ಸೇರುವುದಿಲ್ಲ, ತಾಯಿಯ ಬಳಿಗೆ, ಅಂದರೆ ಅವಳ ವಂಶಕ್ಕೆ, ಸೇರುತ್ತದೆ. ಹಿಂದೆಲ್ಲ ಮನೆ ತಾಯಿಯಿಂದ ಮಗಳಿಗೆ, ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ. ಈಗ ಕಾನೂನು ಬೇರೆ, ಆಸ್ತಿ ಮಕ್ಕಳಿಗೇ ಹೋಗುತ್ತದೆ. ಆದರೂ ದೈವದ ಎದುರು, ಮದುವೆ ಮಾತುಕತೆಯಲ್ಲಿ, ಹೊಸ್ತಿನಲ್ಲಿ ಬಳಿ ಇನ್ನೂ ಉಸಿರಾಡುತ್ತದೆ. ನಮ್ಮ ಅಮ್ಮನಿಗೆ ನಾವಿಬ್ಬರೇ. ನನಗೆ ಮಕ್ಕಳಿಲ್ಲದ್ದರಿಂದ ಬಳಿ ನನ್ನಲ್ಲಿಗೆ ಮುಗಿಯುತ್ತದೆ. ಹಿಂದಿನವರು ಇಂಥ ಹೊತ್ತಿನಲ್ಲಿ ಒಂದು ಹೆಣ್ಣುಮಗುವನ್ನು ತಂದು ಸಾಕಿ ಬಳಿ ಬೆಳೆಸುತ್ತಿದ್ದರು. ಜಿತೇಂದ್ರನ ಹೊಟ್ಟೆಯೊಳಗೆ ಕುಟುಕುತ್ತಿದ್ದದ್ದು ಇದೇ. ಮಗ ಪ್ರಖ್ಯಾತನಿಗೆ ಬರಬೇಕಾದ ಮನೆಗೆ, ಎಲ್ಲಿಂದಲೋ ಬಂದ ಚಪ್ಪಟೆ ಮೂಗಿನ ಹುಡುಗಿ ನಾಳೆ ಹಕ್ಕು ಹೇಳಿದರೆ? ಪೋಷಕ ಮನೆಯ ಮಗುವಿಗೆ ಆಸ್ತಿಯಲ್ಲಿ ಒಂದು ಗೇಣೂ ಇಲ್ಲ ಅಂತ ವಿನಯಾ ಅವನಿಗೆ ಎರಡು ಸಲ ಬಿಡಿಸಿ ಹೇಳಿದ್ದಳು. ತಲೆ ಅಲ್ಲಾಡಿಸಿದ್ದ. ಒಳಗೆ ಹೋಗಿರಲಿಲ್ಲ.

ನನಗೆ ಸಿಟ್ಟು ಬಂದದ್ದು ಅವನ ಮೇಲೆ ಮಾತ್ರ ಅಲ್ಲ. ಹೋದ ವರ್ಷ ಇದೇ ಮಾತು ಹೇಳಿದಾಗ ನಾನು ಒಪ್ಪಿದ್ದೆ. ಮನೆಗೆ ಬಂದು ನಾಲ್ಕೇ ದಿನವಾಗಿದ್ದ ಮಗುವನ್ನು, ಒಂದೇ ದಿನ ಅಲ್ಲವಾ ಎಂದುಕೊಂಡು, ಒಂದು ಚಿಪ್ಪು ಬಾಳೆಹಣ್ಣಿನ ಜೊತೆ ಆಶ್ರಮದ ಮೆಟ್ಟಿಲ ಮೇಲೆ ಬಿಟ್ಟು ಬಂದೆ. ಹಬ್ಬ ಚೆನ್ನಾಗಿ ಆಯಿತು. ಮರುದಿನ ಹೆದ್ದಾರಿಯಲ್ಲಿ ಲಾರಿ ಮಗುಚಿ ಬಸ್ಸು ತಡವಾಗಿ ನಾನು ಹೋಗಿ ಮುಟ್ಟುವಾಗ ಸಂಜೆ. ಅದೇ ಮೆಟ್ಟಿಲ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ಒಳಗೆ ಬಂದಿಲ್ಲ, ನೀರೂ ಕುಡಿದಿಲ್ಲ ಎಂದರು ಆಶ್ರಮದ ಸರಸ ಟೀಚರ್. ಆಮೇಲೆ ಐದು ತಿಂಗಳು ಆ ಹುಡುಗಿ ತನ್ನ ಬಟ್ಟೆಯನ್ನು ನಮ್ಮ ಕಪಾಟಿಗೆ ಹಾಕಲಿಲ್ಲ. ನಾನು ಮಾಡಿದ್ದು ಅದು. ಶಾಂತಿ ಬೇಕೆಂದು ಮಗುವನ್ನು ಹೊರಗಿಟ್ಟವಳು ನಾನು. ಈಗಲೂ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯುವ ಹಾಗಾಗುತ್ತದೆ.

ಈ ಸಲ ಸಹಿ ಸಿಗದಿದ್ದರೆ ಅವಳು ಆಶ್ರಮಕ್ಕೂ ಅಲ್ಲ, ಬೆಂಗಳೂರಿನ ದೊಡ್ಡ ಸಂಸ್ಥೆಯೊಂದಕ್ಕೆ ಹೋಗುತ್ತಾಳೆ, ಕಾಗದಪತ್ರ ಇಲ್ಲದ ಮಕ್ಕಳನ್ನೆಲ್ಲ ಅಲ್ಲಿಗೆ ಕಳಿಸುವ ಮಾತು ನಡೆದಿದೆ ಎಂದು ಸರಸ ಟೀಚರ್ ಹೇಳಿದ್ದರು. ಅದಕ್ಕೇ ನಾನೊಬ್ಬಳೇ ತೀರ್ಮಾನ ಮಾಡಲಿಲ್ಲ. ಕಳೆದುಕೊಳ್ಳುವವಳು ಅವಳು, ಅವಳನ್ನೇ ಕೇಳಬೇಕು. ಶಾಲೆಯಿಂದ ಬಂದು ಅವಲಕ್ಕಿ ತಿನ್ನುತ್ತಿದ್ದವಳಿಗೆ ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದೆ.

"ಒಂದ್ ದಿನ ಹೋತ್ಯಾ ಮಗಾ? ಹೋರೆ ಸೈನ್ ಸಿಕ್ಕತ್ತ್. ಈ ಸಲ ನಾನೂ ಒಟ್ಟಿಗೆ ಬತ್ತೆ, ಅಲ್ಲೇ ಉಳಿತೆ."

ಅವಳು ಬಟ್ಟಲು ನೆಕ್ಕಿ ಮುಗಿಸಿದಳು.

"ನೀವ್ ಎಂತಕೆ ಬಪ್ಪುದ್? ನಿಮ್ ಮನೆ ಇದ್," ಅಂದಳು. ಬಟ್ಟಲು ಕೆಳಗಿಟ್ಟು, "ನಾ ಹೋತಿಲ್ಲೆ. ಹೋಯಿ ಬಂದ್ರೆ ಬಪ್ಪು ವರ್ಷವೂ ಹೋಯ್ಕ್."

ಹದಿಮೂರರ ಬಾಯಲ್ಲಿ ಇಷ್ಟು ಲೆಕ್ಕಾಚಾರದ ಮಾತು ಕೇಳಿ ನಾನು ಎದ್ದು ಒಳಗೆ ಹೋಗಿ ಒಂದು ಗಳಿಗೆ ಅತ್ತೆ. ಆಮೇಲೆ ಬಂದು ಹೊಸ್ತಿನ ಕ್ರಮ ಹೇಳಿಕೊಟ್ಟೆ.

ಕ್ರಮ ಕಷ್ಟದ್ದಲ್ಲ. ಹೊಸ ಕದಿರು ತಂದು ಬಾಗಿಲಿಗೆ, ಬಾವಿಗೆ, ತುಳಸಿಗೆ, ತೆಂಗಿನ ಮರಕ್ಕೆ, ಈಚೆಗೆ ಬೈಕು ಕಾರಿಗೂ ಕಟ್ಟಿ, ಮಧ್ಯಾಹ್ನ ಹೊಸ ಅಕ್ಕಿಯ ಅನ್ನಕ್ಕೆ ಕೂರುವುದು. ಎಲೆಗೆ ಅನ್ನ ಬಿದ್ದ ಮೇಲೆ ಎಲ್ಲರಿಗಿಂತ ಕಿರಿಯವರು ಮೊದಲು ಏಳಬೇಕು. ತನಗಿಂತ ಹಿರಿಯರ ಒಬ್ಬೊಬ್ಬರ ಎದುರೂ ನಿಂತು, ಸಂಬಂಧ ಹಿಡಿದು ಕರೆದು, "ಹೊಸ್ತ್ ಉಂತೆ", ಅಂದರೆ ಹೊಸದು ಉಣ್ಣುತ್ತೇನೆ, ಅನ್ನಬೇಕು. ಅವರು "ಉಣ್ಣ್" ಅನ್ನಬೇಕು. ಕಿರಿಯವರದು ಮುಗಿದ ಮೇಲೆ ಅವರಿಗಿಂತ ದೊಡ್ಡವರು ಏಳುವುದು. ಎಲ್ಲರದೂ ಆಗದೆ ಒಂದು ಅಗುಳು ಯಾರ ಬಾಯಿಗೂ ಹೋಗುವ ಹಾಗಿಲ್ಲ. ನಮ್ಮ ಮನೆಯಲ್ಲಿ ಇದು ಕಟ್ಟುನಿಟ್ಟು, ಮತ್ತು ಇದನ್ನು ಕಟ್ಟುನಿಟ್ಟಾಗಿ ಉಳಿಸಿಕೊಂಡು ಬಂದವನು ಜಿತೇಂದ್ರನೇ. ಮಕ್ಕಳು ಚಿಕ್ಕವರಿದ್ದಾಗ ನಗುತ್ತ ಹೇಳಿದರೆ ಮತ್ತೆ ಹೇಳಿಸುತ್ತಿದ್ದ.

"ಎಲ್ಲಾರಿಗೂ ಎಂತ ಹೇಳಿ ಕರೂದ್?" ರುವಾತಿ ಕೇಳಿದಳು. ಜಿತೇಂದ್ರನ ಹೆಂಡತಿಗೆ ಅತ್ತೆ, ಮಕ್ಕಳಿಗೆ ಅಣ್ಣ, ಅಕ್ಕ ಅಂತ ಹೇಳಿದೆ.

"ಅವ್ರಿಗೆ?" ಅವಳು ಜಿತೇಂದ್ರನನ್ನು ಅದುವರೆಗೆ ಏನೆಂದೂ ಕರೆದದ್ದಿಲ್ಲ.

"ನೀನೇ ಯೋಚ್ನೆ ಮಾಡ್," ಅಂದೆ. ನನಗೆ ಧೈರ್ಯ ಸಾಲಲಿಲ್ಲ, ಅದೇ ನಿಜ.

ಗುರುವಾರ ಬೆಳಿಗ್ಗೆ ಗದ್ದೆ ಕೆಲಸದ ಆಳು ಕದಿರು ತಂದ. ಜಿತೇಂದ್ರ ಮಿಂದು ಪಟ್ಟೆಮಡಿ ಉಟ್ಟು ಕದಿರು ಕಟ್ಟಿದ. ರುವಾತಿಯನ್ನು ಅಂಗಳದಲ್ಲಿ ನೋಡಿಯೂ ನೋಡದವನ ಹಾಗೆ ಇದ್ದ. ನಾನು ಕಳಿಸಲಿಲ್ಲ ಎಂದು ಗೊತ್ತಾಗಿತ್ತು, ಆದರೆ ಒಳಗೆ ಕೂರಿಸುವ ಮಟ್ಟಕ್ಕೆ ಹೋಗಲಾರಳು ಎಂದು ನಂಬಿದ್ದನೋ ಏನೋ. ಒಂದು ಗಂಟೆಗೆ ಚಾವಡಿಯಲ್ಲಿ ನಾನು ಆರು ಎಲೆ ಹಾಕಿದೆ. ಅವನು ಎಣಿಸಿದ್ದು ಕಂಡೆ.

ಕೂತೆವು. ನಾನು, ಜಿತೇಂದ್ರ, ಅವನ ಹೆಂಡತಿ ಸ್ನೇಹಲತಾ, ಮಗ ಪ್ರಖ್ಯಾತ್, ಮಗಳು ತೃಷಾ, ಕೊನೆಯಲ್ಲಿ ರುವಾತಿ. ಸ್ನೇಹಲತಾ ಅನ್ನ ಬಡಿಸಿಯೇ ಕೂತಳು. ಆರನೆಯ ಎಲೆಯ ಹತ್ತಿರ ಅವಳ ಕೈ ತಡೆಯಲಿಲ್ಲ, ಅದನ್ನು ನಾನು ಗಮನಿಸಿದೆ.

ರುವಾತಿ ಎದ್ದಳು. ತೃಷಾಳ ಎದುರು ನಿಂತು, "ಅಕ್ಕ, ಹೊಸ್ತ್ ಉಂತೆ." ತೃಷಾ, "ಉಣ್ಣ್." ಪ್ರಖ್ಯಾತ್ ಮೊಬೈಲು ಮಡಿಲಿಗೆ ಹಾಕಿ, "ಉಣ್ಣ್, ಉಣ್ಣ್," ಅಂದ. ಸ್ನೇಹಲತಾ, "ಉಣ್ಣ್ ಮಗಾ." ಆಮೇಲೆ ಜಿತೇಂದ್ರನ ಎಲೆಯ ಮುಂದೆ ಬಂದಳು. ಕೈ ಮುಗಿದಳು.

"ಮಾವಾ, ಹೊಸ್ತ್ ಉಂತೆ."

ನಮ್ಮಲ್ಲಿ ಈ ಒಂದು ಶಬ್ದದ ತೂಕ ಏನು ಅಂತ ಇಷ್ಟು ಹೊತ್ತು ಓದಿದವರಿಗೆ ತಿಳಿದಿರುತ್ತದೆ. ಅಕ್ಕನ ಮಕ್ಕಳು ಮಾತ್ರ ಯಜಮಾನನನ್ನು ಹಾಗೆ ಕರೆಯುವುದು. ಅವನ ಕುತ್ತಿಗೆ ಕೆಂಪಾಯಿತು. ಎಲೆಯನ್ನೇ ನೋಡುತ್ತ ಕೂತ.

"ತೃಷಾ, ನೀ ಕೇಣ್," ಅಂದ.

ತೃಷಾ ಏಳಲಿಲ್ಲ. "ಅವ್ಳದ್ ಮುಗಿಲಿಲ್ಲೆ ಅಪ್ಪ. ನೀವೇ ಅಲ್ದಾ ಹೇಳುದ್, ಸಾಲ್ ಹಾರೂಕಿಲ್ಲೆ ಅಂತ."

"ಇದ್ ಬಳಿಯರ್ ಊಟ."

ಅಷ್ಟು ಹೊತ್ತು ತಡೆದುಕೊಂಡದ್ದೇ ನನ್ನ ಮಟ್ಟಿಗೆ ದೊಡ್ಡದು. "ಹೌದಾ?" ಅಂದೆ. "ಹಾಂಗಾರೆ ಸಮ ಲೆಕ್ಕ ಹಾಕ್ವ. ಈ ಸಾಲಂಗೆ ನಮ್ ಬಳಿಯರ್ ಯಾರ್ ಯಾರ್ ಇದ್ರ್? ನಾನ್, ನೀನ್. ಸ್ನೇಹಲತಾ ಸಾಲಿಗ್ರಾಮದ ಮನೆಯಳ್, ಅವ್ಳ್ ಬಳಿ ಬೇರೆ. ನಿನ್ ಮಕ್ಕಳ್ ಅವ್ಳ್ ಮಕ್ಕಳ್, ಅವ್ರ್ ಬಳಿಯೂ ಬೇರೆ. ಅವ್ರನ್ನೂ ಏಳ್ಸ್. ನಾವಿಬ್ರೇ ಉಂಬ. ಅಜ್ಜಿ ಹೇಳ್ತಿದ್ಲ್, ಅವ್ಳ್ ಸಣ್ಣಳಿಪ್ಪತ್ತಿಗೆ ಈ ಮನೆಯಂಗೆ ರಂಗೂನ್ ಅಕ್ಕಿ ಬೇಯ್ತಿತ್ತ್ ಅಂತ. ಇವ್ಳ್ ದೇಶದ್ ಅಕ್ಕಿ. ಅದ್ನ ಉಂಬತ್ತಿಗೆ ಯಾರಾರೂ ಬಳಿ ಕೇಂಡಿದ್ರಾ?"

"ಅಕ್ಕ, ಮಾತ್ ಬೆಳೆಸ್ಬೇಡ."

ಆಗ ಸ್ನೇಹಲತಾ ಎದ್ದಳು. ಜಗಳ ಮಾಡುವ ಹೆಂಗಸಲ್ಲ ಅವಳು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಧ್ವನಿ ಏರಿಸಿದ್ದನ್ನು ನಾನು ಕೇಳಿಲ್ಲ. ಈಗಲೂ ಏರಿಸಲಿಲ್ಲ. ಸೆರಗು ಸರಿಮಾಡಿಕೊಂಡು, "ಅತ್ತಿಗೆ ಹೇಳುದ್ ಸಮ. ನಾನೂ ಹೊರಗಿನಳೇ," ಅಂದು ಹೋಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ತೃಷಾ ಎದ್ದು ಅಮ್ಮನ ಪಕ್ಕ ಹೋದಳು. ಪ್ರಖ್ಯಾತ್ ಅಪ್ಪನನ್ನೊಮ್ಮೆ, ಅನ್ನವನ್ನೊಮ್ಮೆ ನೋಡಿ, ನಿಟ್ಟುಸಿರು ಬಿಟ್ಟು ಅವನೂ ಎದ್ದ. ಸಾಲಿನಲ್ಲಿ ಉಳಿದದ್ದು ನಾನು, ನನ್ನ ತಮ್ಮ. ರುವಾತಿ ನಿಂತೇ ಇದ್ದಳು.

"ಮಾವಾ, ಅನ್ನ ತಣಿತಿತ್ತ್," ಅಂದಳು.

ಅವನು ಎಲೆ ಬಿಟ್ಟು ಎದ್ದು ಹೊರಗೆ ಜಗಲಿಗೆ ಹೋಗಿ ಕುರ್ಚಿಯಲ್ಲಿ ಕೂತ.

ನಾನು, "ಬಾ ಮಗಾ, ಉಣ್ಣ್. ನಾ ಹೇಳ್ತೆ ಅಲ್ದಾ, ನಾನೇ ದೊಡ್ಡಳ್," ಅಂದೆ. ರುವಾತಿ ತಲೆಯಲ್ಲಾಡಿಸಿದಳು. "ಅವ್ರ್ ಹೇಳ್ಲಿಲ್ಲೆ." ತನ್ನ ಎಲೆಯ ಮುಂದೆ ಚಕ್ಕಳ ಮಕ್ಕಳ ಹಾಕಿ, ಕೈ ತೊಡೆಯ ಮೇಲಿಟ್ಟು ಕೂತುಬಿಟ್ಟಳು. ಕ್ರಮ ನಾನೇ ಕಲಿಸಿದ್ದು. ಅವಳು ನನಗಿಂತ ಚೆನ್ನಾಗಿ ಕಲಿತಿದ್ದಳು.

ಎರಡು ಗಂಟೆಯಾಯಿತು. ಪ್ರಖ್ಯಾತನ ಹೊಟ್ಟೆ ಗುಡುಗಿದ್ದು ಎಲ್ಲರಿಗೂ ಕೇಳಿತು. ಯಾರೂ ಒಂದು ಅಗುಳೂ ಬಾಯಿಗೆ ಹಾಕಲಿಲ್ಲ. ಜಿತೇಂದ್ರ ಊಟಕ್ಕೆ ಮುಂಚಿನ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಆಗಿತ್ತು. ಸ್ನೇಹಲತಾ ಒಂದು ಲೋಟ ನಿಂಬೆ ಶರಬತ್ತು ತೆಗೆದುಕೊಂಡು ಹೋಗಿ ಅವನ ಪಕ್ಕ ಇಟ್ಟು ಬಂದಳು. ಅವನು ಅದನ್ನು ಕುಡಿದ. ಮೂರು ಗಂಟೆಗೆ ಹತ್ತಿರವಾಗುವಾಗ ರುವಾತಿ ಎದ್ದು ಜಗಲಿಗೆ ಹೋದಳು. ನಾನು ತಡೆಯಲಿಲ್ಲ. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

"ಮಾವಾ, ಹೊಸ್ತ್ ಉಂತೆ."

"ಎಷ್ಟ್ ಸಲ ಕೇಣ್ತೆ ನೀನ್?"

"ನೀವ್ ಹೇಳುವರಿಗೂ."

"ನಾ ಹೇಳ್ದಿರೆ?"

"ನಾ ಉಂತಿಲ್ಲೆ. ನೀವೂ ಉಂಬುಕಾತಿಲ್ಲೆ."

ಒಳಗೆ ತೃಷಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಅವಳ ಅಮ್ಮನ ಸೆರಗು. ಅಷ್ಟರಲ್ಲಿ ಮನೆಯ ಗೇಟಿನ ಶಬ್ದ ಆಯಿತು. ವಿನಯಾ ಸ್ಕೂಟರ್ ನಿಲ್ಲಿಸಿ, ಫೈಲು ಎದೆಗೆ ಅವುಚಿಕೊಂಡು, ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದಳು.

"ಹ್ವಾಯ್, ಎಲ್ಲಾರ್ದೂ ಊಟ ಆಯ್ತಾ?" ಅಂದಳು, ಎಲ್ಲರೂ ಕೇಳುವ ಹಾಗೆ.

ಒಳಗೆ ಬಂದವಳು ಬಡಿಸಿ ಇಟ್ಟ ಆರು ಎಲೆ ನೋಡಿದಳು, ಬಾಗಿಲಿಗೆ ಕಟ್ಟಿದ ಕದಿರು ನೋಡಿದಳು. ಅವಳ ಫೈಲಿನ ಹಾಳೆಯಲ್ಲಿ ಏನೇನು ಪ್ರಶ್ನೆ ಇರುತ್ತದೆಂದು ನನಗೆ ಗೊತ್ತಿತ್ತು. ವಿನಯಾ ಜಗಲಿಗೆ ವಾಪಸು ಹೋಗಿ ಮೆಟ್ಟಿಲ ಮೇಲೆ ಕೂತು, ರುವಾತಿಯನ್ನು ಹತ್ತಿರ ಕರೆದಳು. ಶಾಲೆ, ನಿದ್ದೆ, ಯಾರಾದರೂ ಹೊಡೆಯುತ್ತಾರಾ, ಎಲ್ಲ ಕೇಳಿದಳು. ಆಮೇಲೆ ಕೇಳಿದಳು:

"ಮನೆಯರಿಗೆ ಹಾಕುವಾಂಗೇ ನಿಂಗೂ ಊಟ ಹಾಕ್ತ್ರಾ?"

ಸುಳ್ಳು ಹೇಳು ಮಗಾ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಈ ಒಂದು ಸಲ ಹೇಳು.

"ದಿನಾ ಹಾಕ್ತ್ರ್," ಅಂದಳು ರುವಾತಿ. "ಇವತ್ತ್ ಉಣ್ಲಿಲ್ಲೆ. ಹೊಸ್ತ್ ಉಂತೆ ಅಂದೆ. ಮಾವ ಉಣ್ಣ್ ಅನ್ಲಿಲ್ಲೆ. ಹಾಂಗಾಯಿ ಯಾರೂ ಉಣ್ಲಿಲ್ಲೆ."

ವಿನಯಾ ಬ್ರಹ್ಮಾವರದವಳು. ಅವಳಿಗೆ ಹೊಸ್ತು ಬಿಡಿಸಿ ಹೇಳಬೇಕಾಗಿರಲಿಲ್ಲ. ಪೆನ್ನು ಹಾಳೆಯ ಮೇಲೆ ಹಾಗೇ ನಿಲ್ಲಿಸಿ ಜಿತೇಂದ್ರನ ಕಡೆ ತಿರುಗಿದಳು.

"ಶೆಟ್ರೆ, ಇಲ್ಲಿ ನಾ ಎಂತ ಬರೂದ್?"

ಹದಿನೆಂಟು ಜನಕ್ಕೆ ಹೊಟ್ಟೆ ತುಂಬ ಹಾಕುವವನು ಅವನು. ಒಂದು ಮಗುವಿಗೆ ಅನ್ನ ತಪ್ಪಿಸಿದ ಎಂದು ಸರ್ಕಾರದ ಹಾಳೆಯಲ್ಲಿ ಬೀಳುವುದು ಅವನಿಗೆ ತಡೆಯುವ ಮಾತಲ್ಲ. ಆದರೆ ಅದಷ್ಟೇ ಆಗಿತ್ತು ಅಂತ ನಾನು ಹೇಳಲಾರೆ. ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತ ಕೂತಿದ್ದ.

"ಉಣ್ಣ್," ಅಂದ, ಹೆಬ್ಬೆರಳಿಗೆ.

ಇಷ್ಟಾದರೂ ಆಯಿತಲ್ಲ ಎಂದು ನಾನು ಕಣ್ಣು ಮುಚ್ಚಿದೆ. ಬೇರೆ ಯಾರೇ ಆಗಿದ್ದರೂ ಅಷ್ಟಕ್ಕೆ ಒಳಗೆ ಓಡಿ ಬರುತ್ತಿದ್ದರು. ರುವಾತಿ ಕದಲಲಿಲ್ಲ.

"ನೆಲ ಕಂಡ್ ಹೇಳುದಲ್ಲ ಮಾವಾ. ನನ್ ಕಂಡ್ ಹೇಳ್ಕ್."

ಜಿತೇಂದ್ರ ತಲೆ ಎತ್ತಿದ. ಒಂದು ವರ್ಷ ಒಂದೇ ಮಾಡಿನ ಕೆಳಗೆ ಇದ್ದೂ ಅವನು ಆ ಹುಡುಗಿಯ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. ಅವಳೂ ಕಣ್ಣು ತಗ್ಗಿಸಲಿಲ್ಲ.

"ಉಣ್ಣ್ ಹೆಣ್ಣೆ," ಅಂದ.

ಅವಳು ನನ್ನ ಹತ್ತಿರ ಬಂದು, ಉಳಿದಿದ್ದ ಒಬ್ಬಳನ್ನೂ ಬಿಡದೆ, "ಸುಗುಣಮ್ಮಾ, ಹೊಸ್ತ್ ಉಂತೆ," ಅಂದಳು. ನಾನು ತಲೆ ಆಡಿಸಿದೆ. ಅವಳು ಅದನ್ನೂ ಒಪ್ಪಲಿಲ್ಲ, ಬಾಯಿ ಬಿಟ್ಟು ಹೇಳುವವರೆಗೆ ಎದುರಿಗೇ ನಿಂತಳು.

ಆಮೇಲೆ ತೃಷಾ ಎದ್ದಳು, ಪ್ರಖ್ಯಾತ್ ಎದ್ದ, ಸ್ನೇಹಲತಾ ಎದ್ದಳು, ಜಿತೇಂದ್ರ ನನ್ನ ಎದುರು ಬಂದು ನಿಂತು ಕೇಳಿದ. ವಿನಯಾಳಿಗೆ ಏಳನೆಯ ಎಲೆ ಹಾಕಿದೆವು. ಸಹಿ ಆಮೇಲೆ ಆಯಿತು. ಮೊದಲು ಉಂಡೆವು.